ಮೂರು ತಿಂಗಳು ಅಂಟವಾಳದಲ್ಲೇ ಪಾತ್ರೆ ತೊಳೆದೆ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಪಾತ್ರೆ ತೊಳೆದ ನೀರು ಹೋಗುವುದು ಹಿತ್ತಿಲ ಬಾಳೆಬುಡಕ್ಕೆ. ಸೋಪಿನ ನೊರೆ ಅಲ್ಲಿ ಬೆಳ್ಳಗೆ ಕಟ್ಟಿಕೊಳ್ಳುವುದನ್ನು ನೋಡಿ ನೋಡಿ ಬೇಜಾರಾಗಿ ಏಪ್ರಿಲ್‌ನಲ್ಲಿ ಸೋಪು ಬಿಟ್ಟೆ.

ಮೊದಲು ಮೋಸ ಹೋದದ್ದು ಆನ್‌ಲೈನಿನಲ್ಲಿ. ಪರಿಸರಸ್ನೇಹಿ ಅಂಟವಾಳದ ದ್ರಾವಣ ಅಂತ ತರಿಸಿದರೆ, ಪ್ಲಾಸ್ಟಿಕ್ ಬಾಟಲಿ, ಅದರ ಸುತ್ತ ಗುಳ್ಳೆ ಪ್ಲಾಸ್ಟಿಕ್ ಮೂರು ಸುತ್ತು. ಒಳಗಿದ್ದದ್ದು ನಿಂಬೆ ಪರಿಮಳದ ನೀರು. ಹದಿನೈದು ದಿನಕ್ಕೆ ಖಾಲಿ.

ಆಮೇಲೆ ಪೇಟೆಯ ಗ್ರಂಧಿಗೆ ಅಂಗಡಿಗೆ ಹೋದೆ. “ರೇಷ್ಮೆ ಸೀರೆಗಾ ಅಕ್ಕಾ?” ಅಂದ ಹುಡುಗ. ಪಾತ್ರೆಗೆ ಅಂದರೆ ನಕ್ಕ. ಕಾಲು ಕಿಲೋಗೆ 80 ರೂಪಾಯಿ, ಕಾಗದದ ಪೊಟ್ಟಣ, ಮೇಲೆ ನೂಲು. ಬೀಜ ತೆಗೆದದ್ದನ್ನೇ ಕೇಳಿ ತನ್ನಿ. ನೊರೆ ಬರಿಸುವ ಸಪೋನಿನ್ ಇರುವುದು ಸಿಪ್ಪೆಯಲ್ಲಿ. ಕರಿ ಗೋಲಿಯಂಥ ಬೀಜಕ್ಕೆ ತೂಕದ ದುಡ್ಡು ಕೊಡುವುದು ದಂಡ.

ಹದಿನೈದು ಕಾಯಿಯ ಸಿಪ್ಪೆ ರಾತ್ರಿ ಒಂದು ಲೀಟರ್ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬಚ್ಚಲ ಒಲೆಯ ಮೇಲೆ ಇಪ್ಪತ್ತು ನಿಮಿಷ ಕುದಿಸಿ, ಆರಿದ ಮೇಲೆ ಹಿಚುಕಿ ಸೋಸುತ್ತೇನೆ. ಹಳೇ ಬೆಲ್ಲದ ಡಬ್ಬಿಯ ವಾಸನೆ. ಹಿಚುಕುವಾಗ ಕಣ್ಣಿಗೆ ಹಾರಿತೋ, ಅರ್ಧ ಗಂಟೆ ಉರಿ.

ತಂಬುಳಿ ಪಾತ್ರೆ, ಹಾಲಿನ ತಪ್ಪಲೆ, ಸ್ಟೀಲ್ ಲೋಟ ಎಲ್ಲ ಲಕಲಕ. ಜಿಡ್ಡಿನ ಎದುರು ಮಾತ್ರ ಅಂಟವಾಳ ಸೋಲುತ್ತದೆ. ಹಪ್ಪಳ ಕರಿದ ಬಾಣಲೆಯನ್ನು ತಣ್ಣೀರಲ್ಲಿ ತೊಳೆಯಲು ಹೋಗಿ ಎರಡು ದಿನ ಒದ್ದಾಡಿದೆ. ಈಗ ಮೊದಲು ಒಲೆಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ, ಬಿಸಿನೀರಿನ ಜೊತೆ ಅಂಟವಾಳ. ಹಾಗಾದರೆ ಬಿಡುತ್ತದೆ. ಗ್ಯಾಸ್ ಒಲೆ ಮಾತ್ರ ಇರುವ ಮನೆಯವರು ಬೂದಿಗೆ ಎಲ್ಲಿಗೆ ಹೋಗಬೇಕು ಅನ್ನುವುದು ಬೇರೆ ಪ್ರಶ್ನೆ. ಕಡಲೆಹಿಟ್ಟೂ ಜಿಡ್ಡು ಹೀರುತ್ತದೆ. ಅಂಟವಾಳದ ನೊರೆ ಕಡಿಮೆ, ಬೇಗ ಇಳಿಯುತ್ತದೆ. ನಮ್ಮ ಯಜಮಾನರಿಗೆ ನೊರೆ ಕಾಣದಿದ್ದರೆ ತೊಳೆದ ಸಮಾಧಾನವೇ ಇಲ್ಲ, ಅರ್ಧ ಬಾಟಲಿ ಸುರಿದುಬಿಡುತ್ತಾರೆ.

ಮಳೆ ಹಿಡಿದ ಮೇಲೆ ಇನ್ನೊಂದು ತಾಪತ್ರಯ. ಬೇಸಿಗೆಯಲ್ಲಿ ನಾಲ್ಕು ದಿನ ಇರುತ್ತಿದ್ದ ನೀರು ಈಗ ಮೂರನೇ ದಿನಕ್ಕೆ ಹುಳಿ ನಾತ. ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆ, ಆದರೆ ಒಮ್ಮೆ ನೆಂಟರು ಕಷಾಯ ಅಂತ ಲೋಟಕ್ಕೆ ಬಗ್ಗಿಸಿಕೊಂಡಿದ್ದರು. ಈಗ ಬಾಟಲಿಗೆ ಕೆಂಪು ದಾರ ಕಟ್ಟಿಟ್ಟಿದ್ದೇನೆ.

ಹಳ್ಳದ ದಂಡೆಯಲ್ಲಿ ಮನೆ ಇದ್ದವರಿಗೆ ಒಂದು ಮಾತು: ಗಿಡದ್ದು ಅಂತ ಈ ನೀರನ್ನು ಸೀದಾ ಹಳ್ಳಕ್ಕೆ ಬಿಡಬೇಡಿ. ಸಪೋನಿನ್ ಮೀನಿಗೆ ವಿಷ. ಅದು ಮಣ್ಣಿನಲ್ಲಿ ಇಂಗಬೇಕು. ನಮ್ಮ ಬಾಳೆಬುಡದಲ್ಲಿ ಬಿಳಿ ಕಟ್ಟುವುದಂತೂ ನಿಂತಿದೆ.

ಕಾಲು ಕಿಲೋ ಒಂದು ತಿಂಗಳ ಮೇಲೆ ಬಂತು. ದಿನಾ ಕೆಲಸಕ್ಕೆ ಓಡುವವರಿಗೆ ನೆನೆಸುವುದು, ಕುದಿಸುವುದು ಹೇಳಿ ಮಾಡಿಸಿದ್ದಲ್ಲ. ಅಂಟವಾಳಕ್ಕೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಅತ್ತೆ ಅಷ್ಟೂ ಕೊಡಲಿಕ್ಕಿಲ್ಲ. ಎರಡನೇ ಪೊಟ್ಟಣ ತಂದ ದಿನ “ಅಂಟವಾಳಕ್ಕೂ ದುಡ್ಡು ಕೊಟ್ಯನೇ?” ಅಂತ ಕೇಳಿ, ನಮ್ಮದೇ ಬೆಟ್ಟದ ಮೇಲ್ತುದಿಯಲ್ಲಿ ಮರ ಇದೆ ಅಂತ ಆಗ ಬಾಯಿಬಿಟ್ಟರು.