ಟೊಮೆಟೊ ಸಾಲಿಗೆ ಗಂಗಾವತಿಯ ಭತ್ತದ ಹುಲ್ಲು

ಗಿಡದ ಬುಡದ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ಬೇಡ ಅಂತ ಈ ಸಲ ಗಂಗಾವತಿ ಕಡೆಯಿಂದ ಭತ್ತದ ಹುಲ್ಲಿನ ರೋಲ್ ತರಿಸಿ ಟೊಮೆಟೊ ಸಾಲಿಗೆ ಹಾಸಿದೆವು. ತುಂಬಾ ಖುಷಿ ಆಗಿದೆ. ತುಂಗಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೆಯುವ ಸೀಮೆ ಅದು, ಕೊಯ್ಲಾದ ಮೇಲೆ ಹುಲ್ಲಿಗೆ ಬರ ಇಲ್ಲ, ಎಷ್ಟೋ ಕಡೆ ಗದ್ದೆಯಲ್ಲೇ ಬೆಂಕಿ ಹಚ್ಚುತ್ತಾರೆ, ಅಷ್ಟು ಒಳ್ಳೆ ಹುಲ್ಲನ್ನು ಸುಮ್ನೆ ಸುಡುವುದು ನೋಡಿದರೆ ಸಂಕಟ ಆಗುತ್ತದೆ.

ನಮ್ಮದು ಎರೆ ಮಣ್ಣು. ತೇವ ಆರಿದರೆ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಈಗ ನಡು ಮಧ್ಯಾಹ್ನ ಹುಲ್ಲು ಸರಿಸಿ ನೋಡಿದರೂ ಕೆಳಗೆ ಮಣ್ಣು ತಣ್ಣಗಿದೆ, ಹಿಡಿದರೆ ಪುಡಿಪುಡಿ ಆಗುತ್ತದೆ, ಎರೆಹುಳು ಕೂಡ ಕಾಣುತ್ತವೆ. ತೇವ ಒಂದೇ ಸಮ ಇರುವುದರಿಂದ ಹಣ್ಣು ಸೀಳುವುದು, ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು ಕಡಿಮೆ. ಮಳೆ ಬಿದ್ದಾಗ ಮಣ್ಣು ಸಿಡಿದು ಕೆಳಗಿನ ಎಲೆಗೆ ಹತ್ತುವುದಿಲ್ಲ. ಎಲೆಗೆ ಚುಕ್ಕೆ ಬಿದ್ದು ಒಣಗಿಸುವ ಅಂಗಮಾರಿ ರೋಗ ಹರಡುವ ಒಂದು ದಾರಿ ಅದೇ ಅಲ್ವಾ?

ಕೊರತೆಯೂ ಇದೆ. ಕೆಲವು ರೋಲಿನ ಒಳಗೆ ಹಸಿ ಇದ್ದು ಬೂಜು ಹಿಡಿದಿತ್ತು. ಕಾಳು ಉಳಿದಿದ್ದರಿಂದ ಅಲ್ಲಲ್ಲಿ ಭತ್ತದ ಸಸಿಯೂ ಎದ್ದವು, ಕಿತ್ತು ಹಾಕಬೇಕಾಯಿತು. ದುಡ್ಡು ಕೊಡುವ ಮೊದಲು ಒಂದು ರೋಲ್ ಬಿಚ್ಚಿಸಿ ಮೂಸಿ ನೋಡಿ.

2-3 ಇಂಚು ದಪ್ಪ ಸಾಕು, ಕಾಂಡದಿಂದ ನಾಲ್ಕು ಬೆರಳು ದೂರ ಬಿಡಿ. ಭತ್ತದ ಹುಲ್ಲನ್ನು ಮಣ್ಣಲ್ಲಿ ಬೆರೆಸಬೇಡಿ, ಅದು ಕೊಳೆಯುವಾಗ ಸಾರಜನಕ ಎಳೆದುಕೊಂಡು ಗಿಡ ಹಳದಿ ಆಗಬಹುದು. ಗೆದ್ದಲು ಇರುವ ಹೊಲದಲ್ಲಿ ಆಗಾಗ ಎತ್ತಿ ನೋಡಲೇಬೇಕು. ನಾವಂತೂ ಮುಂದೆ ಬದನೆಗೂ ಇದನ್ನೇ ಹಾಸುತ್ತೇವೆ.