ಲಾಲ್‌ಬಾಗಿನಲ್ಲಿ ಮಕ್ಕಳ ನೇಚರ್ ವಾಕ್: ನಾಲ್ಕು ಭಾನುವಾರ, 2,400 ರೂಪಾಯಿ

ಮಗಳಿಗೆ ಏಳು ವರ್ಷ. ಮೂರು ತಿಂಗಳ ಹಿಂದೆ ಕನ್ನಡಕ ಬಂತು. ಕಣ್ಣಿನ ಡಾಕ್ಟರು ಚೀಟಿಯಲ್ಲಿ ನಂಬರ್ ಬರೆದು, ಅದರ ಕೆಳಗೇ ‘ದಿನಾ ಎರಡು ಗಂಟೆ ಹೊರಗೆ’ ಅಂತ ಮಾತ್ರೆ ಬರೆದ ಹಾಗೆ ಬರೆದುಕೊಟ್ಟರು. ತೈವಾನ್‌ನಲ್ಲಿ 2010ರಿಂದ ಶಾಲೆಗಳಲ್ಲೇ ಇದನ್ನು ಶುರು ಮಾಡಿದ್ದಾರೆ, ದಿನಕ್ಕೆ 120 ನಿಮಿಷ ಬಯಲಲ್ಲಿ. ಹೊರಗಿನ ಬೆಳಕಿನಲ್ಲಿದ್ದ ಮಕ್ಕಳಿಗೆ ಮೈನಸ್ ನಂಬರ್ ಬರುವುದು ಕಡಿಮೆ. ಬಂದ ನಂಬರ್ ವಾಪಸ್ ಹೋಗುವುದಿಲ್ಲ, ಅದು ಬೇರೆ ಮಾತು.

ನಾನು ತೀರ್ಥಹಳ್ಳಿ ಕಡೆಯವನು. ಮಗುವನ್ನು ಮರದ ಕೆಳಗೆ ನಿಲ್ಲಿಸೋಕೂ ದುಡ್ಡು ಕೊಡಬೇಕಾ ಅಂತ ಗೊಣಗಿದೆ. ‘ಹಾಗಾದ್ರೆ ನೀವೇ ದಿನಾ ಕರ್ಕೊಂಡು ಹೋಗಿ’ ಅಂದಳು ಹೆಂಡತಿ. ಸುಮ್ನೆ ದುಡ್ಡು ಕಟ್ಟಿದೆ. ನಡೆಸುವವರ ಹೆಸರು ಬರೆಯುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಮೊದಲ ವಾರ ಬಂಡೆ. ಕೆಂಪೇಗೌಡ ಗೋಪುರ ಇರುವ ಬಂಡೆಯ ಮೇಲೆ ಎಷ್ಟು ಸಲ ಕೂತು ಕಡಲೆಕಾಯಿ ತಿಂದಿಲ್ಲ ನಾನು! ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಯೋಚಿಸಿಯೇ ಇರಲಿಲ್ಲ. ಮಕ್ಕಳನ್ನು ಬೋರಲು ಮಲಗಿಸಿ ಕಲ್ಲಿನ ಕಪ್ಪು ಬಿಳಿ ಪಟ್ಟಿಗಳ ಮೇಲೆ ಬೆರಳು ಆಡಿಸಲು ಹೇಳಿದರು. ‘ಡೈನೋಸಾರ್‌ಗಿಂತ ಹಳೇದಾ?’ ಅಂತ ಒಬ್ಬ ಹುಡುಗ ಕೇಳಿದ. ಹೌದು ಅಂದಾಗ ಮೆಲ್ಲಗೆ ಎದ್ದು ಚಪ್ಪಲಿ ಬಿಟ್ಟುಬಂದ.

ಎರಡನೇ ವಾರ ಮಳೆ. ದುಡ್ಡು ವಾಪಸ್ ಇಲ್ಲ, ಇನ್ನೊಂದು ಭಾನುವಾರ ಕೊಟ್ಟರು.

ನನ್ನ ಗೊಣಗಾಟ ನಿಂತದ್ದು ಮೂರನೇ ವಾರ. ಒಂದು ಮಾವಿನ ಮರದ ತಗ್ಗಿನ ಕೊಂಬೆಯಲ್ಲಿ ಕೆಂಪಿರುವೆ ಗೂಡು ಕಟ್ಟುತ್ತಿದ್ದವು. ಗೈಡ್ ಹುಡುಗಿ ಏನೂ ವಿವರಿಸಲಿಲ್ಲ, ‘ಹತ್ತು ನಿಮಿಷ ನೋಡಿ, ಮುಟ್ಟಬೇಡಿ’ ಅಂದಳು ಅಷ್ಟೇ. ಸಾಲಾಗಿ ನಿಂತ ಇರುವೆಗಳು ಎರಡು ಎಲೆಗಳ ಅಂಚನ್ನು ಹತ್ತಿರಕ್ಕೆ ಎಳೆದು ಹಿಡಿದಿದ್ದವು. ಒಂದು ಇರುವೆ ಬಾಯಲ್ಲಿ ಬಿಳಿ ಮರಿ ಕಚ್ಚಿಕೊಂಡು ಈ ಎಲೆಯಿಂದ ಆ ಎಲೆಗೆ, ಆ ಎಲೆಯಿಂದ ಈ ಎಲೆಗೆ ಓಡಾಡುತ್ತಿತ್ತು. ಮರಿಯ ಬಾಯಿಂದ ಬರುವ ರೇಷ್ಮೆ ಎಳೆಯೇ ಅಂಟು. ಮಗಳು ಕನ್ನಡಕ ಮೇಲೆತ್ತಿ, ‘ಅಪ್ಪಾ, ಮರೀನ ಫೆವಿಸ್ಟಿಕ್ ಥರ ಹಚ್ತಿದೆ!’ ಅಂದಳು. ಚಿಕ್ಕಂದಿನಲ್ಲಿ ಮರ ಹತ್ತಿ ಇವುಗಳಿಂದ ನೂರು ಸಲ ಕಚ್ಚಿಸಿಕೊಂಡಿದ್ದೇನೆ. ಗೂಡು ಹೊಲಿಯುವುದನ್ನು ನಾನೂ ನೋಡಿದ್ದು ಅವತ್ತೇ.

ನಮ್ಮ ಕಡೆ ಇದಕ್ಕೆ ಚಗಳಿ ಅಂತಾರೆ, ಚಟ್ನಿ ಮಾಡ್ತಾರೆ ಅಂದೆ. ಗೈಡ್‌ಗೆ ಗೊತ್ತಿರಲಿಲ್ಲ, ಡೈರಿ ತೆಗೆದು ಬರೆದುಕೊಂಡಳು. ಖುಷಿಯಾಯಿತು. ಆದರೆ ನನ್ನ ದೊಡ್ಡ ತಕರಾರು ಇರುವುದೂ ಇಲ್ಲೇ. ಮಾತೆಲ್ಲ ಇಂಗ್ಲಿಷಿನಲ್ಲಿ. ಮೊಮ್ಮಗನ ಜೊತೆ ಬಂದಿದ್ದ ಒಬ್ಬರು ಅಜ್ಜಿ ಪ್ರತಿ ಮರದ ಹತ್ತಿರವೂ ‘ಏನಂದ್ರಪ್ಪಾ?’ ಅಂತ ನನ್ನನ್ನು ಕೇಳುತ್ತಿದ್ದರು. ಕೊನೆಯ ವಾರ ಆ ದೊಡ್ಡ ಬಿಳಿ ಬೂರುಗದ ಮರ. ಗೋಡೆಯ ಹಾಗೆ ಎದ್ದ ಬೇರುಗಳ ಸಂದಿಯಲ್ಲಿ ಮಕ್ಕಳೆಲ್ಲ ಕಣ್ಣಾಮುಚ್ಚಾಲೆ ಆಡುತ್ತಿದ್ದರೆ ಆ ಅಜ್ಜಿ, ‘ಇದರ ಹತ್ತಿ ತುಂಬಿದ ದಿಂಬು ನನ್ನ ಮದುವೇಲಿ ಕೊಟ್ಟಿದ್ರು’ ಅಂದರು. ಗೈಡ್ ಹೇಳಿದ್ದಕ್ಕಿಂತ ಇದು ಚೆನ್ನಾಗಿತ್ತು, ಅಲ್ವಾ? ಕೇಳಿಸಿಕೊಂಡದ್ದು ನಾನೊಬ್ಬನೇ.

ಇನ್ನು ಬೈಗುಳ. 12 ಮಕ್ಕಳು ಅಂತ ಹೇಳಿ 23 ಮಕ್ಕಳನ್ನು ಸೇರಿಸಿದ್ದರು, ಗೈಡ್ ಇಬ್ಬರೇ. ಪ್ರತಿ ವಾರ ಕೊನೆಗೆ ವರ್ಕ್‌ಶೀಟ್ ಬೇರೆ. ಅಲ್ಲಿಯವರೆಗೆ ಮಣ್ಣಲ್ಲಿ ಕೂತಿದ್ದ ಮಕ್ಕಳು ತಕ್ಷಣ ಶಾಲೆಯ ಮುಖ ಹಾಕಿಕೊಂಡು ‘ಮಿಸ್, ಇದು ಸರೀನಾ?’ ಶುರು ಮಾಡುತ್ತಿದ್ದರು. ಅದನ್ನು ಬಿಟ್ಟರೆ ಇನ್ನೂ ಇಪ್ಪತ್ತು ನಿಮಿಷ ಕೆರೆ ಹತ್ತಿರ ಹೆಜ್ಜಾರ್ಲೆ ನೋಡಬಹುದಿತ್ತು.

ಹೋಗುವವರು ಪೂರ್ತಿ ಪ್ಯಾಂಟ್ ಹಾಕಿಸಿ, ಮೊದಲೇ ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಂದಿನ ಬ್ಯಾಚ್‌ಗೂ ಹೆಸರು ಕೊಟ್ಟಾಗಿದೆ.

ಮನೆಗೆ ಬಂದು ಮಗಳು ಊರಿಗೆ ಫೋನ್ ಮಾಡಿ, ಚಗಳಿ ಚಟ್ನಿ ನಿಜಾನಾ ಅಂತ ಅಜ್ಜಿಯನ್ನು ಕೇಳಿದಳು. ‘ರಜೆಗೆ ಬಾ, ಮಾಡಿಕೊಡ್ತೀನಿ’ ಅಂದರು ಅಮ್ಮ. ರಜೆ ಹತ್ತಿರ ಬಂದಿದೆ. ಈ ಸಲ ಊರಿಗೆ ಹೋಗಲೇಬೇಕಾ ಅಂತ ದಿನಾ ಕೇಳುತ್ತಿದ್ದಾಳೆ.