ಪೋರ್ಷೆ ಓಡಿಸೋಕೆ ಲೈಪ್‌ಜಿಗ್ಗೋ, ಲೇವಿಯೋ?

ಎರಡೂ ಕಡೆ ಪೋರ್ಷೆ ಕಂಪನಿಯೇ ತನ್ನ ಕಾರು ಓಡಿಸೋಕೆ ಕೊಟ್ಟು ಕಲಿಸುತ್ತದೆ. ವೇಗದ ಆಸೆಯಿದ್ದರೆ ಜರ್ಮನಿಯ ಲೈಪ್‌ಜಿಗ್. ಪೋರ್ಷೆ ಕಾರ್ಖಾನೆಯ ಪಕ್ಕದಲ್ಲೇ 3.7 ಕಿ.ಮೀ. ಟ್ರ್ಯಾಕ್ ಇದೆ. ಹೆಸರಾಂತ ಟ್ರ್ಯಾಕ್‌ಗಳ ತಿರುವುಗಳನ್ನೇ ಇಲ್ಲಿ ನಕಲು ಮಾಡಿದ್ದಾರೆ. ಅಮೆರಿಕದ ಲಗೂನಾ ಸೆಕಾ ಟ್ರ್ಯಾಕಿನ, ಇಳಿಜಾರಿನಲ್ಲಿ ಸುತ್ತುವ ಕಾರ್ಕ್‌ಸ್ಕ್ರೂ ತಿರುವು ಕೂಡ ಇದೆ. ಒಂದೇ ದಿನ ಬಿಡುವಿದ್ದರೆ ಇದೇ ಸಾಕು.

ಫಿನ್‌ಲ್ಯಾಂಡಿನ ಲೇವಿಯದು ಬೇರೆಯದೇ ಆಟ. ಚಳಿಗಾಲದಲ್ಲಿ ಮಾತ್ರ, ಹಿಮದ ಮೇಲೆ, ಮೊಳೆ ಹೊಡೆದ ಟೈರು. ವೇಗ ಕಡಿಮೆ, ಕೈಗೆ ಕೆಲಸ ಜಾಸ್ತಿ. ಪೋರ್ಷೆಯ 911 ಕಾರಿನ ಎಂಜಿನ್ ಹಿಂದಿದೆ, ಅಲ್ವಾ? ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ಸಾಕು, ಭಾರ ಮುಂದಕ್ಕೆ ಬಂದು ಹಿಂಭಾಗ ಜಾರುತ್ತದೆ. ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಬೇಕು. ತಪ್ಪಿದರೆ ಹಿಮದ ರಾಶಿಗೆ ಮೂತಿ, ಅಷ್ಟೇ. ಕಲಿಯೋದೇ ಗುರಿಯಾದರೆ ನನ್ನ ಓಟು ಲೇವಿಗೆ. ಶೂ ಮಾತ್ರ ತೆಳು ಅಟ್ಟೆಯದ್ದೇ ಇರಲಿ. ದಪ್ಪ ಬೂಟಿನಲ್ಲಿ ಪೆಡಲ್ ಎಷ್ಟು ಒತ್ತಿದೆವು ಅಂತಲೇ ತಿಳಿಯುವುದಿಲ್ಲ.